ಚಿರೆಕಲ್ಲಿನ ಗೋಡೆ, ಜೂನ್ ತಿಂಗಳ ಮಳೆ: ಕಾಣಕೋಣದ ಒಂದು ವೈಫೈ ಪ್ರಕರಣ

ಕಾರವಾರ ದಾಟಿ ಗೋವಾದ ಗಡಿಯೊಳಗೆ ಕಾಲಿಟ್ಟರೆ ಮೊದಲು ಸಿಗುವುದು ಕಾಣಕೋಣ ತಾಲೂಕು. ಅಂಕೋಲಾ ಕಡೆಯಿಂದ ಬಂದ ಕುಟುಂಬವೊಂದು ಇಲ್ಲಿ ಹಳೆಯ ಮನೆ ಕೊಂಡು ಹೋಂಸ್ಟೇ ನಡೆಸುತ್ತಿದೆ. ಮನೆಮಂದಿ ಐವರು, ಸೀಸನ್ನಿನಲ್ಲಿ ಅತಿಥಿಗಳು ಹತ್ತರವರೆಗೆ. ಫೋನು, ಲ್ಯಾಪ್‌ಟಾಪ್, ಟಿವಿ, ಪ್ರಿಂಟರ್, ನಾಲ್ಕು ಕ್ಯಾಮೆರಾ ಎಲ್ಲ ಸೇರಿದರೆ ಒಂದೇ ಹೊತ್ತಿಗೆ ಸುಮಾರು 35 ಸಾಧನ. ಮನೆಗೆ ಬರುವುದು 100 ಎಂಬಿಪಿಎಸ್ ಫೈಬರ್ ಇಂಟರ್ನೆಟ್. ಯಜಮಾನರ ದೂರು ಇಷ್ಟೇ: “ಫೋನಲ್ಲಿ ಕಡ್ಡಿ ಎಲ್ಲಾ ತೋರಿಸ್ತದೆ ಮಾರಾಯ್ರೆ, ವಿಡಿಯೊ ಮಾತ್ರ ಓಡೂದಿಲ್ಲ. ಮಳೆ ಬಂತು ಅಂದ್ರೆ ಅದೂ ಇಲ್ಲ, ಇದೂ ಇಲ್ಲ.”

ಜಾಗದ ಚಿತ್ರ ಮೊದಲು ಕಣ್ಣ ಮುಂದೆ ಇರಬೇಕು. ಮನೆಯ ಹಳೆಯ ಭಾಗ ಚಿರೆಕಲ್ಲಿನದು, ಗೋಡೆ 55 ಸೆಂಟಿಮೀಟರ್ ದಪ್ಪ, ಹೊರಬದಿಗೆ ಗಾರೆ ಇಲ್ಲ. ನಡುವೆ ತುಳಸಿಕಟ್ಟೆ ಇರುವ ರಾಜಾಂಗಣ, ಅದರ ಸುತ್ತ ಕೋಣೆಗಳು, ಮೇಲೆ ಮಂಗಳೂರು ಹೆಂಚು. ಮುಂದೆ ಜಗಲಿ, ಮಳೆಯ ಎರಚಲು ತಡೆಯಲು ಅದಕ್ಕೆ ತಗಡಿನ ಚಾವಣಿ ಇಳಿಸಿದ್ದಾರೆ. ಹಿಂಬದಿಯಲ್ಲಿ ಹೊಸದಾಗಿ ಕಟ್ಟಿದ ಆರ್‌ಸಿಸಿ ಅಡುಗೆಮನೆ ಮತ್ತು ಹಾಲ್. ಫೈಬರ್ ಪೆಟ್ಟಿಗೆ ಇರುವುದು ಅಲ್ಲಿ, ಅಂದರೆ 24 ಮೀಟರ್ ಉದ್ದದ ಮನೆಯ ಒಂದು ಕೊನೆಯಲ್ಲಿ. ಹಿತ್ತಲಿನ ತೆಂಗು, ಅಡಿಕೆ ದಾಟಿ 70 ಮೀಟರ್ ಆಚೆ ಸಿಮೆಂಟ್ ಬ್ಲಾಕಿನ ಎರಡು ಅತಿಥಿ ಕೋಣೆಗಳು, ಅವುಗಳ ಪಕ್ಕದಲ್ಲಿ ಗೋಡೆಯಿಲ್ಲದ 12×8 ಮೀಟರಿನ ಊಟದ ಚಪ್ಪರ.

ಮೊದಲಿದ್ದ ವ್ಯವಸ್ಥೆ ಹೀಗಿತ್ತು: ಹಾಲ್‌ನಲ್ಲಿ ಫೈಬರ್ ಕಂಪನಿ ಕೊಟ್ಟ ಪೆಟ್ಟಿಗೆ, ಅಡುಗೆಮನೆಯಲ್ಲಿ ಹಳೆಯದೊಂದು ರೌಟರ್, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಎರಡು ರಿಪೀಟರ್, 7 ಮೀಟರ್ ಎತ್ತರದ ಕಂಬಕ್ಕೆ ಕಟ್ಟಿದ “ಲಾಂಗ್ ರೇಂಜ್” ಆಕ್ಸೆಸ್ ಪಾಯಿಂಟ್ (ತಂತಿಯಲ್ಲಿ ಬಂದ ನೆಟ್ಟನ್ನು ವೈಫೈ ಆಗಿ ಹರಡುವ ಪೆಟ್ಟಿಗೆ), ಅದೂ ಪೂರ್ಣ ಶಕ್ತಿಯಲ್ಲಿ. ಈ ಕಂಬದ ಪೆಟ್ಟಿಗೆ ಮೇ ತಿಂಗಳ ಸಿಡಿಲಿಗೆ ಒಮ್ಮೆ, ಅಕ್ಟೋಬರಿನ ಸಿಡಿಲಿಗೆ ಒಮ್ಮೆ ಸುಟ್ಟು ಬದಲಾಗಿತ್ತು.

ಅಳತೆ: ಬೇಸಿಗೆಯಲ್ಲೊಮ್ಮೆ, ಮಳೆಯಲ್ಲೊಮ್ಮೆ

ಕರಾವಳಿಯ ಮನೆಗೆ ವೈಫೈ ಹಾಕುವಾಗ ಏಪ್ರಿಲ್ ಅಳತೆಯೊಂದನ್ನೇ ನಂಬುವುದು ದೊಡ್ಡ ತಪ್ಪು. ಇಲ್ಲಿ ಏಪ್ರಿಲ್‌ನಲ್ಲೂ ಜುಲೈನಲ್ಲೂ ಅದೇ ಫೋನು ಹಿಡಿದು, ಅದೇ ಜಾಗದಲ್ಲಿ ನಿಂತು ಅಳೆಯಲಾಯಿತು. ಹಳೆಯ ಗೋಡೆಯ ಒಂದು ಬದಿಯಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ −48 ಡಿಬಿಎಂ, ಇನ್ನೊಂದು ಬದಿಯಲ್ಲಿ −71 (ಡಿಬಿಎಂ ಸಿಗ್ನಲ್ಲಿನ ಬಲದ ಅಳತೆ; ಸೊನ್ನೆಯಿಂದ ಕೆಳಗಿಳಿದಷ್ಟೂ ದುರ್ಬಲ). ಅಂದರೆ ಒಣ ಗೋಡೆ ನುಂಗಿದ್ದು 23 ಡಿಬಿ. ಜುಲೈನಲ್ಲಿ ಆಚೆ ಬದಿ −77ಕ್ಕೆ ಇಳಿದಿತ್ತು: 29 ಡಿಬಿ. ಪ್ರತಿ 3 ಡಿಬಿಗೆ ಶಕ್ತಿ ಅರ್ಧವಾಗುತ್ತದೆ; ಈ 6 ಡಿಬಿಯ ವ್ಯತ್ಯಾಸವೆಂದರೆ ಉಳಿದದ್ದರಲ್ಲೂ ಕಾಲು ಭಾಗವೇ ಕೈಗೆ ಬಂತು. 2.4 ಗಿಗಾಹರ್ಟ್ಸ್‌ನಲ್ಲಿ ಅದೇ ಗೋಡೆ ಒಣಗಿದಾಗ 13, ನೆನೆದಾಗ 16 ಡಿಬಿ ತಿಂದಿತು.

ಆಕಾಶದಿಂದ ಬೀಳುವ ಮಳೆಗೆ ಇದರಲ್ಲಿ ಪಾಲಿಲ್ಲ. ಎಷ್ಟೇ ಜೋರಾಗಿ ಸುರಿದರೂ ಈ ತರಂಗಾಂತರಗಳಲ್ಲಿ ಮಳೆಹನಿಗಳಿಂದಾಗುವ ನಷ್ಟ ಕಿಲೋಮೀಟರಿಗೂ ತೀರಾ ಅಲ್ಪ. 70 ಮೀಟರಿಗೆ ಅದು ಲೆಕ್ಕಕ್ಕೇ ಇಲ್ಲ. ಸಿಗ್ನಲ್ ತಿನ್ನುವುದು ನೀರು ಕುಡಿದ ಚಿರೆಕಲ್ಲು, ನೆನೆದು ಜೋತಾಡುವ ಸೋಗೆ, ಮತ್ತು ಕನೆಕ್ಟರಿನೊಳಗೆ ಇಳಿದ ತೇವ. ಚಿರೆಕಲ್ಲು ತೂತುತೂತಾದ ಕಲ್ಲು; ಜೂನ್ ಮೊದಲ ವಾರ ಕುಡಿಯಲು ಶುರು ಮಾಡಿದರೆ ಅಕ್ಟೋಬರಿನವರೆಗೂ ಪೂರ್ತಿ ಒಣಗುವುದಿಲ್ಲ. ಹಾಗಾಗಿ ಇಂಥ ಮನೆಯಲ್ಲಿ ಆಕ್ಸೆಸ್ ಪಾಯಿಂಟ್ ಎಲ್ಲಿ ಕೂರಬೇಕೆಂದು ನಿರ್ಧರಿಸುವಾಗ ಒದ್ದೆ ಗೋಡೆಯ ಅಂಕಿಯನ್ನೇ ಹಿಡಿಯಬೇಕು. ಅಳತೆ ಮಳೆಗಾಲದಲ್ಲಿ ಸಾಧ್ಯವಾಗದಿದ್ದರೆ ಒಣ ಗೋಡೆಯ ಆಚೆ ಸಿಕ್ಕ ಸಿಗ್ನಲ್ಲಿನಿಂದ ಇನ್ನೂ 6 ಡಿಬಿ ಕಳೆದು ಲೆಕ್ಕ ಹಾಕಿ.

ಇನ್ನು ಕಡ್ಡಿಯ ಕತೆ. ಅತಿಥಿ ಕೋಣೆಯಲ್ಲಿ ಫೋನು ಕಂಬದ ಪೆಟ್ಟಿಗೆಯನ್ನು −68ರಲ್ಲಿ ಕೇಳುತ್ತಿತ್ತು. ಪರದೆಯ ಮೇಲೆ ನಾಲ್ಕರಲ್ಲಿ ಮೂರು ಕಡ್ಡಿ. ಅದೇ ಹೊತ್ತಿಗೆ ಪೆಟ್ಟಿಗೆಯ ಸೆಟ್ಟಿಂಗ್ ಪುಟ ತೆರೆದು ನೋಡಿದರೆ, ಅದು ಫೋನನ್ನು ಕೇಳುತ್ತಿದ್ದದ್ದು −81ರಲ್ಲಿ. ಪೆಟ್ಟಿಗೆ 27 ಡಿಬಿಎಂನಲ್ಲಿ ಕೂಗುತ್ತಿದೆ, ಫೋನಿನ ದನಿ 14 ಡಿಬಿಎಂ ಆಸುಪಾಸು. ಗುಡ್ಡದ ಮೇಲೆ ಮೈಕು ಹಿಡಿದು ನಿಂತವನ ಮಾತು ಕಣಿವೆಯವನಿಗೆ ಕೇಳುತ್ತದೆ, ಕಣಿವೆಯವನ ಉತ್ತರ ಮೇಲೆ ಮುಟ್ಟುವುದಿಲ್ಲ. ವೈಫೈನಲ್ಲಿ ಪ್ರತಿ ಪ್ಯಾಕೆಟ್ಟಿಗೂ “ತಲುಪಿತು” ಎಂಬ ಮರುದನಿ ಬರಲೇಬೇಕು. ಬಾರದಿದ್ದರೆ ಅದನ್ನೇ ಮತ್ತೆ ಮತ್ತೆ ಕಳಿಸಬೇಕು. ಕಡ್ಡಿ ಇದ್ದೂ ವಿಡಿಯೊ ನಿಲ್ಲುವುದಕ್ಕೆ ಕಾರಣ ಇದು. ಕಡ್ಡಿ ತೋರಿಸುವುದು ಒಂದು ದಿಕ್ಕಿನ ಮಾತನ್ನು ಮಾತ್ರ. ಪೆಟ್ಟಿಗೆಯ ಶಕ್ತಿ ಏರಿಸಿದಷ್ಟೂ ಕಡ್ಡಿ ಹೆಚ್ಚುತ್ತದೆ, ಕೆಲಸ ಅಲ್ಲೇ ಇರುತ್ತದೆ. ಪೆಟ್ಟಿಗೆಯನ್ನು ಬಳಸುವವರ ಹತ್ತಿರ ಒಯ್ಯದೆ ಬೇರೆ ದಾರಿಯಿಲ್ಲ.

ಜಗಲಿಯ ಸಮಸ್ಯೆ ಬೇರೆ. ಕಂಬದ ಕೆಳಗೇ ಕೂತರೂ ಅಲ್ಲಿ ನೆಟ್ ಇಲ್ಲ. ಎಲ್ಲ ದಿಕ್ಕಿಗೂ ಹರಡುವ ಆಂಟೆನಾದ ಹರಹು ಉದ್ದಿನ ವಡೆಯ ಆಕಾರದ್ದು. ಆಂಟೆನಾ ಆ ತೂತಿನಲ್ಲಿ ನಿಂತಿರುತ್ತದೆ. ಗೇನ್ (ಸಿಗ್ನಲನ್ನು ಒಂದೆಡೆಗೆ ಒಗ್ಗೂಡಿಸುವ ಬಲ) ಹೆಚ್ಚಾದಷ್ಟೂ ವಡೆ ಅಗಲವಾಗಿ ತೆಳ್ಳಗಾಗುತ್ತದೆ, ನೇರ ಕೆಳಗೆ ಏನೂ ಉಳಿಯುವುದಿಲ್ಲ. ಅದರ ಜೊತೆಗೆ ನಡುವೆ ತಗಡು. ಲೋಹದ ತಗಡನ್ನು ಸಿಗ್ನಲ್ ದಾಟುವುದಿಲ್ಲ, ತಿರುಗಿ ಆಕಾಶಕ್ಕೆ ಹೋಗುತ್ತದೆ.

ರಿಪೀಟರುಗಳ ಲೆಕ್ಕ ಸರಳ. ಮುಖ್ಯ ಪೆಟ್ಟಿಗೆಗೆ ಕೇಬಲ್ ಹಾಕಿ ಅಳೆದರೆ 94 ಎಂಬಿಪಿಎಸ್, ಮೊದಲ ರಿಪೀಟರ್ ಬಳಿ 38, ಎರಡನೆಯದರ ಬಳಿ 11. ಕೇಳಿದ್ದನ್ನು ಅದೇ ಚಾನೆಲ್‌ನಲ್ಲಿ ಮತ್ತೆ ಹೇಳುವ ರಿಪೀಟರ್ ಪ್ರತಿ ಹಂತದಲ್ಲೂ ಅರ್ಧಕ್ಕಿಂತ ಹೆಚ್ಚು ಸಮಯ ತಿನ್ನುತ್ತದೆ. ಅಡುಗೆಮನೆಯ ಹಳೆಯ ರೌಟರ್ ಇನ್ನೊಂದು ಉಪದ್ರವ: ಅದರ ವಿಳಾಸವೂ 192.168.1.1, ಮುಖ್ಯ ಪೆಟ್ಟಿಗೆಯದ್ದೂ ಅದೇ, ಎರಡೂ ಸ್ವತಂತ್ರವಾಗಿ ಸಾಧನಗಳಿಗೆ ಐಪಿ (ಜಾಲದೊಳಗಿನ ವಿಳಾಸ) ಹಂಚುತ್ತಿದ್ದವು. “ಒಮ್ಮೊಮ್ಮೆ ಬರ್ತದೆ, ಒಮ್ಮೊಮ್ಮೆ ಇಲ್ಲ” ಎಂಬ ದೂರು ಎಲ್ಲೇ ಕೇಳಿದರೂ ಮೊದಲು ಹುಡುಕಬೇಕಾದದ್ದು ಈ ಎರಡನೆಯ ಐಪಿ ಹಂಚಿಕೆಯನ್ನು, ಅಂದರೆ ಡಿಎಚ್‌ಸಿಪಿಯನ್ನು. ಹಳೆಯ ರೌಟರನ್ನು ಇಟ್ಟುಕೊಳ್ಳಲೇಬೇಕೆಂದರೆ ವಿಳಾಸವನ್ನು 192.168.1.2ಕ್ಕೆ ಬದಲಿಸಿ, ಡಿಎಚ್‌ಸಿಪಿ ನಿಲ್ಲಿಸಿ, ಕೇಬಲನ್ನು ವ್ಯಾನ್ ಬಿಟ್ಟು ಲ್ಯಾನ್ ಪೋರ್ಟಿಗೆ ಹಾಕಬೇಕು. ಇಲ್ಲಿ ತೆಗೆದೇ ಹಾಕಲಾಯಿತು.

ಕಂಬದಿಂದ ಇಳಿಸಿದ ಪೆಟ್ಟಿಗೆ

ರಾತ್ರಿ ಎಂಟರ ನಂತರ ಕಂಬದ ಪೆಟ್ಟಿಗೆ ತಾನಾಗಿ ರೀಸ್ಟಾರ್ಟ್ ಆಗುತ್ತಿತ್ತು. ಕೆಳಗಿಳಿಸಿ ಅಡಿಯ ಮುಚ್ಚಳ ತೆಗೆದಾಗ ಮೊದಲು ಹೊರಗೆ ಬಂದದ್ದು ಇರುವೆ. ಬಿಳಿ ಮೊಟ್ಟೆಗಳ ಸಮೇತ ಪೂರ್ತಿ ಒಂದು ಗೂಡು. ಅದರ ಹಿಂದೆ ಆರ್‌ಜೆ45 ಪ್ಲಗ್. ಎಂಟು ಪಿನ್ನುಗಳಲ್ಲಿ ಕರೆಂಟು ಹೊರುವ ನಾಲ್ಕು ಹಸಿರುಗಟ್ಟಿದ್ದವು, ಉಳಿದ ನಾಲ್ಕರಲ್ಲಿ ಚಿನ್ನದ ಬಣ್ಣ ಇನ್ನೂ ಇತ್ತು. ಉಪ್ಪು ಗಾಳಿ, ತೇವ, ಅದರ ಮೇಲೆ ಸದಾ ಡಿಸಿ ಕರೆಂಟು. ಮೂರೂ ಕೂಡಿದಲ್ಲಿ ಲೋಹ ತಿನ್ನುವುದು ಬೇಗ. ಕೇಬಲ್ಲಿನ ಒಂದು ಎಳೆಯನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದರೆ ಕೆಂಪು ಬಣ್ಣ ಸಿಪ್ಪೆಯಂತೆ ಎದ್ದು ಒಳಗೆ ಬೆಳ್ಳಗೆ ಕಂಡಿತು. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ, ಅಂಗಡಿಯಲ್ಲಿ ಸಿಸಿಎ ಎನ್ನುವ ಮಾಲು. ಎರಡು ಸಲ ಬಾಗಿಸಿದರೆ ಎಳೆ ಮುರಿಯುತ್ತದೆ. ಶುದ್ಧ ತಾಮ್ರ ಅಷ್ಟು ಬೇಗ ಮುರಿಯುವುದಿಲ್ಲ. ಮೀಟರ್ ಹಚ್ಚಿದಾಗ 35 ಮೀಟರಿನ ಒಂದು ಎಳೆಯ ರೋಧ 4.6 ಓಮ್ ಬಂತು. 24 ಗೇಜಿನ ತಾಮ್ರವಾಗಿದ್ದರೆ 3 ಓಮ್ ಆಸುಪಾಸು ಇರಬೇಕಿತ್ತು.

ಪೆಟ್ಟಿಗೆಗೆ ನೆಟ್ ಕೇಬಲ್ಲಿನಲ್ಲೇ ಕೊಟ್ಟಿದ್ದ ಕರೆಂಟು ಪ್ಯಾಸಿವ್ 24 ವೋಲ್ಟ್, ಅಂದರೆ ಸಾಧನವನ್ನು ವಿಚಾರಿಸದೆ ಸದಾ ಕೊಡುವಂಥದು. ಕೆಟ್ಟ ಎಳೆ ಮತ್ತು ಹಸಿರು ಪಿನ್ನು ಎರಡೂ ಸೇರಿ, ಹೊರೆ ಇದ್ದಾಗ ಮೇಲೆ ತಲುಪುತ್ತಿದ್ದದ್ದು 17.8 ವೋಲ್ಟ್. ಅತಿಥಿಗಳು ಊಟ ಮುಗಿಸಿ ಫೋನು ಹಿಡಿದು ಕೂತಾಗ ಪೆಟ್ಟಿಗೆ ಹೆಚ್ಚು ಕರೆಂಟು ಎಳೆಯುತ್ತದೆ, ವೋಲ್ಟೇಜ್ ಇನ್ನೂ ಕುಸಿಯುತ್ತದೆ, ಪೆಟ್ಟಿಗೆ ಬೀಳುತ್ತದೆ. ಎರಡು ವರ್ಷ ಇದನ್ನು “ನೆಟ್‌ವರ್ಕ್ ಬ್ಯುಸಿ” ಎಂದುಕೊಂಡೇ ದಿನ ದೂಡಿದ್ದರು.

ಹೊಸ ವ್ಯವಸ್ಥೆ

ಐದು ಸಣ್ಣ ಆಕ್ಸೆಸ್ ಪಾಯಿಂಟ್, ಒಂದೊಂದಕ್ಕೂ ತಂತಿ. ರಿಪೀಟರ್ ಇಲ್ಲ, ಕಂಬ ಇಲ್ಲ. ಒಂದು ಹಿಂಬದಿಯ ಹಾಲ್‌ನಲ್ಲಿ. ಎರಡನೆಯದು ರಾಜಾಂಗಣದ ಸುತ್ತಿನ ಪಡಸಾಲೆಯ ಅಟ್ಟದ ಅಡಿಯಲ್ಲಿ: ಅಲ್ಲಿಂದ ಸಿಗ್ನಲ್ ತೆರೆದ ಅಂಗಳದ ಮೂಲಕ ಕೋಣೆಗಳ ಬಾಗಿಲಿಗೆ ಹೋಗುತ್ತದೆ, ದಪ್ಪ ಗೋಡೆ ದಾಟಬೇಕಾಗಿಲ್ಲ. ಈ ಒಂದು ಜಾಗದ ಆಯ್ಕೆಯೇ ಮನೆಯೊಳಗಿನ ಮುಕ್ಕಾಲು ತೊಂದರೆ ಕಳೆಯಿತು. ಮೂರನೆಯದು ಜಗಲಿಯಲ್ಲಿ, ತಗಡಿನ ಕೆಳಬದಿಗೆ. ನಾಲ್ಕನೆಯದು ಊಟದ ಚಪ್ಪರದಲ್ಲಿ 3 ಮೀಟರ್ ಎತ್ತರಕ್ಕೆ, ಅಂಚಿನಿಂದ ಒಂದು ಮೀಟರ್ ಒಳಗೆ. ಐದನೆಯದು ಎರಡು ಅತಿಥಿ ಕೋಣೆಗಳ ನಡುವಿನ ವರಾಂಡದ ಚಾವಣಿಯಲ್ಲಿ.

ಖರೀದಿಯಲ್ಲಿ ನೋಡಿದ್ದು ಇಷ್ಟು. ವೈಫೈ 6, ಎರಡು ಆಂಟೆನಾ ಸಾಕು. 100 ಎಂಬಿಪಿಎಸ್ ಲೈನಿಗೆ ನಾಲ್ಕು ಆಂಟೆನಾದ ದುಬಾರಿ ಮಾದರಿ ಹಾಕಿದರೆ ದುಡ್ಡು ಹೋಗುತ್ತದೆ, ಬೇರೇನೂ ಬರುವುದಿಲ್ಲ. ಪಿಒಇ (ನೆಟ್ ಕೇಬಲ್ಲಿನಲ್ಲೇ ಕರೆಂಟು ಕೊಡುವ ವಿಧಾನ) 802.3ಎಎಫ್ ಗುಣಮಟ್ಟದ್ದೇ ಬೇಕು, ಪ್ಯಾಸಿವ್ 24 ವೋಲ್ಟ್ ಬೇಡ. ಎಎಫ್‌ನಲ್ಲಿ ಸ್ವಿಚ್ 15.4 ವಾಟ್ ಕೊಡುತ್ತದೆ, ಕೇಬಲ್ ನಷ್ಟ ಕಳೆದು ಸಾಧನಕ್ಕೆ 12.95 ವಾಟ್ ಖಾತ್ರಿ; ವೋಲ್ಟೇಜ್ 48ರ ಆಸುಪಾಸು ಇರುವುದರಿಂದ ಕರೆಂಟು ಕಡಿಮೆ, ದಾರಿಯ ನಷ್ಟವೂ ಕಡಿಮೆ. ಜಗಲಿ ಮತ್ತು ಚಪ್ಪರದವು ಐಪಿ65 (ದೂಳು, ನೀರು ತಡೆಯುವ ದರ್ಜೆ) ಇಲ್ಲವೇ ಅದಕ್ಕೂ ಮೇಲಿನವು. ಮಳೆ ತಡೆಯುವ ಪೆಟ್ಟಿಗೆಯಾದರೂ ಮಳೆಗೆ ಒಡ್ಡಬಾರದು. ಸೂರಿನಡಿ ಜಾಗ ಇರುವಾಗ ಹೊರಗೆ ಕಟ್ಟುವುದೇಕೆ? ತೆಂಗಿನ ಮರದ ಕೆಳಗಂತೂ ಬೇಡವೇ ಬೇಡ. ಕ್ಲಾಂಪು, ಸ್ಕ್ರೂಗಳು 316 ದರ್ಜೆಯ ಸ್ಟೇನ್‌ಲೆಸ್. ಸಮುದ್ರದ ಹತ್ತಿರ 304ಕ್ಕೂ ಕೆಲವೇ ವರ್ಷಗಳಲ್ಲಿ ಕಂದು ಕಲೆ ಹಿಡಿಯುತ್ತದೆ.

ಮನೆಯಲ್ಲಿ 8 ಪೋರ್ಟಿನ ಪಿಒಇ ಸ್ವಿಚ್: ಮೂರು ಆಕ್ಸೆಸ್ ಪಾಯಿಂಟಿಗೆ ತಲಾ 12 ವಾಟ್, ನಾಲ್ಕು ಕ್ಯಾಮೆರಾಗೆ ತಲಾ 5, ಒಟ್ಟು 56. ಹಾಗಾಗಿ ಒಟ್ಟು ಸಾಮರ್ಥ್ಯ 65 ವಾಟಿಗಿಂತ ಕಡಿಮೆಯ ಸ್ವಿಚ್ ತರುವಂತಿಲ್ಲ. ಪೋರ್ಟ್ ಎಂಟಿದ್ದರೂ ಒಟ್ಟು ವಾಟ್ ಸಾಲದ ಸ್ವಿಚ್ಚುಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಡಬ್ಬಿಯ ಮೇಲೆ ಒಟ್ಟು ವಾಟ್ ಎಷ್ಟೆಂದು ಓದಿಯೇ ಕೊಳ್ಳಿ. ಚಪ್ಪರದ ಬದಿಗೆ ಇನ್ನೊಂದು ಚಿಕ್ಕ ಪಿಒಇ ಸ್ವಿಚ್. ಎರಡೂ ವಿಎಲ್ಯಾನ್ (ಒಂದೇ ತಂತಿಯಲ್ಲಿ ಬೇರೆ ಬೇರೆ ಜಾಲ ನಡೆಸುವ ವ್ಯವಸ್ಥೆ) ಅರಿಯುವಂಥವು.

70 ಮೀಟರ್ ದಾಟಿದ್ದು ಹೇಗೆ

ಕ್ಯಾಟ್ 6 ಎಂಬ ತಾಮ್ರದ ನೆಟ್ ಕೇಬಲ್ 100 ಮೀಟರಿನವರೆಗೂ ಹೋಗುತ್ತದೆ. ಹಾಗಿದ್ದರೂ ಎರಡು ಕಟ್ಟಡಗಳ ನಡುವೆ ತಾಮ್ರ ಎಳೆಯಲಿಲ್ಲ, ಕಾರಣ ಸಿಡಿಲು. ತೋಟದ ತೆಂಗಿಗೆ ಸಿಡಿಲು ಹೊಡೆದಾಗ ಆ ಕರೆಂಟು ನೆಲದಲ್ಲಿ ಹರಡುತ್ತದೆ. ಕ್ಷಣಕಾಲ ಮನೆಯ ಅರ್ಥಿಂಗಿಗೂ ಅತಿಥಿ ಕೋಣೆಯ ಅರ್ಥಿಂಗಿಗೂ ಸಾವಿರಾರು ವೋಲ್ಟ್ ವ್ಯತ್ಯಾಸ ಏಳಬಹುದು. ನಡುವೆ ತಾಮ್ರದ ಎಳೆ ಇದ್ದರೆ ಆ ವ್ಯತ್ಯಾಸ ಅದರ ಮೂಲಕವೇ ಹರಿದು ಎರಡೂ ತುದಿಯ ಪೆಟ್ಟಿಗೆಗಳನ್ನು ಸುಡುತ್ತದೆ. ಅದಕ್ಕೆ ಫೈಬರ್ ಎಳೆಯಲಾಯಿತು; ಗಾಜಿನ ಎಳೆಯಲ್ಲಿ ಹರಿಯಲು ಏನೂ ಇಲ್ಲ.

ಆದರೆ ಇಲ್ಲಿ ಒಂದು ಎಚ್ಚರ. ಮನೆಮನೆಗೆ ಇಂಟರ್ನೆಟ್ ಕೊಡುವವರು ಬಳಸುವ ಡ್ರಾಪ್ ಕೇಬಲ್‌ನಲ್ಲಿ ಗಾಜಿನ ಜೊತೆ ಭಾರ ಹೊರಲು ಉಕ್ಕಿನ ತಂತಿ ಇರುತ್ತದೆ. ಅದನ್ನು ಹಾಗೇ ಮನೆಯೊಳಗೆ ತಂದರೆ ಸಿಡಿಲಿಗೆ ಮತ್ತೆ ದಾರಿ ಮಾಡಿಕೊಟ್ಟಂತೆ. ಇಲ್ಲಿ ಬಳಸಿದ್ದು ಉಕ್ಕಿನ ಬದಲು ಎಫ್‌ಆರ್‌ಪಿ (ನಾರು ಬೆರೆಸಿದ ಪ್ಲಾಸ್ಟಿಕ್) ಕಡ್ಡಿ ಇರುವ, ಲೋಹವೇ ಇಲ್ಲದ ಎರಡು ಎಳೆಯ ಸಿಂಗಲ್ ಮೋಡ್ ಕೇಬಲ್. ಕೊಳ್ಳುವಾಗ ತುದಿಗೆ ಅಯಸ್ಕಾಂತ ಹಿಡಿದು ನೋಡಿದರೆ ಸಂಶಯ ಕಳೆಯುತ್ತದೆ.

ತೋಟದ ನಡುವೆ ಪ್ರತಿ ವರ್ಷ ಗುದ್ದಲಿ ಆಡುತ್ತದೆ. ಅದಕ್ಕೆ ಪಾಗಾರದ ಗುಂಟ ಸುತ್ತು ಹಾಕಿ ಒಯ್ದದ್ದರಿಂದ 70 ಮೀಟರಿನ ದಾರಿ 96 ಮೀಟರ್ ಆಯಿತು. 45 ಸೆಂಟಿಮೀಟರ್ ಆಳದ ಚರಂಡಿ ತೋಡಿ, ಅದರಲ್ಲಿ 32 ಮಿಲಿಮೀಟರಿನ ಎಚ್‌ಡಿಪಿಇ ಪೈಪು, ಅದರ ಮೇಲೆ 15 ಸೆಂಟಿಮೀಟರ್ ಮಣ್ಣು, ಎಚ್ಚರಿಕೆಯ ಹಳದಿ ಪಟ್ಟಿ, ಮತ್ತೆ ಮಣ್ಣು. ಪೈಪಿನೊಳಗೆ ಒಂದು ನೈಲಾನ್ ಹಗ್ಗ ಉಳಿಸಿದ್ದಾರೆ, ಮುಂದೆ ಇನ್ನೊಂದು ಎಳೆ ಬೇಕಾದರೆ ಎಳೆಯಲು. ಕೇಬಲ್ ಎಳೆದದ್ದು ಎರಡೂ ತುದಿಯಲ್ಲಿ 5 ಮೀಟರ್ ಸುರುಳಿ ಬಿಟ್ಟು. ಪೈಪಿನ ಬಾಯಿ ಸೀಲ್ ಮಾಡದಿದ್ದರೆ ಇಲಿ, ಇರುವೆ, ಮಳೆನೀರು ಮೂರೂ ಒಳಗೆ ಸೇರುತ್ತವೆ.

ಮೊದಲ ದಿನ ಲಿಂಕ್ ದೀಪ ಹತ್ತಲಿಲ್ಲ. ಒಂದೇ ಎಳೆಯಲ್ಲಿ ಕೆಲಸ ಮಾಡುವ ಮೀಡಿಯಾ ಕನ್ವರ್ಟರುಗಳು (ಫೈಬರಿನ ಬೆಳಕನ್ನು ತಾಮ್ರದ ಕೇಬಲ್ಲಿಗೆ ಬದಲಿಸುವ ಪೆಟ್ಟಿಗೆಗಳು) ಜೋಡಿಯಾಗಿರಬೇಕು: ಒಂದು 1310 ನ್ಯಾನೊಮೀಟರಿನ ಬೆಳಕಿನಲ್ಲಿ ಕಳಿಸಿ 1550ರಲ್ಲಿ ಕೇಳುತ್ತದೆ, ಇನ್ನೊಂದು ಅದಕ್ಕೆ ಉಲ್ಟಾ. ಅಂಗಡಿಯಿಂದ ಬಂದವು ಎರಡೂ ‘ಎ’ ಮಾದರಿ. ಇಬ್ಬರೂ ಒಂದೇ ಬಣ್ಣದಲ್ಲಿ ಮಾತಾಡುತ್ತಿದ್ದರು, ಕೇಳುವವರಿಲ್ಲ. ಒಂದನ್ನು ‘ಬಿ’ಗೆ ಬದಲಿಸಿದ ಮೇಲೆ ದೀಪ ಹತ್ತಿತು. ಕನೆಕ್ಟರಿನ ಬಣ್ಣವನ್ನೂ ನೋಡಬೇಕು. ಹಸಿರು ತಲೆಯದರ ಮುಖ ಓರೆಯಾಗಿ ಉಜ್ಜಿದ್ದು, ನೀಲಿಯದ್ದು ನೇರ; ಒಂದನ್ನು ಇನ್ನೊಂದಕ್ಕೆ ತುರುಕಿದರೆ ಕೂರುತ್ತದೆ, ಆದರೆ ನಡುವೆ ಸಂದು ಉಳಿದು ಬೆಳಕು ಸೋರುತ್ತದೆ, ಮುಖವೂ ಗೀಚುತ್ತದೆ. ಕನ್ವರ್ಟರಿನ ಬಾಯಿ ನೀಲಿಯಾದ್ದರಿಂದ ಕೇಬಲ್ಲಿನ ಎರಡೂ ತಲೆ ನೀಲಿ.

ಫೈಬರ್ ತಡೆಯುವುದು ಸಿಡಿಲಿನ ಒಂದು ದಾರಿಯನ್ನು ಮಾತ್ರ. ಕರೆಂಟಿನ ಲೈನ್ ಇನ್ನೊಂದು ದಾರಿ. ಎರಡೂ ಕಟ್ಟಡಗಳ ಮೇನ್ ಬೋರ್ಡಿನಲ್ಲಿ ಟೈಪ್ 2 ಸರ್ಜ್ ಸಾಧನ (ಹಠಾತ್ತನೆ ಏರಿದ ವೋಲ್ಟೇಜನ್ನು ಅರ್ಥಿಂಗಿಗೆ ಇಳಿಸುವಂಥದು) ಹಾಕಲಾಗಿದೆ. ಜಗಲಿಯ ಕೇಬಲ್ 14 ಮೀಟರ್ ಹೊರಗೋಡೆಯ ಮೇಲೆ ಸಾಗುವುದರಿಂದ ಅದು ಮನೆ ಹೊಕ್ಕುವಲ್ಲಿ ಈಥರ್ನೆಟ್ ಸರ್ಜ್ ಪ್ರೊಟೆಕ್ಟರ್. ಅದರ ಅರ್ಥ್ ತಂತಿ ಮನೆಯ ಮುಖ್ಯ ಅರ್ಥಿಂಗಿಗೇ ಸೇರಿದೆ. ಇದಕ್ಕೆಂದೇ ಬೇರೆ ಗುಂಡಿ ತೋಡಿ, ಮುಖ್ಯ ಅರ್ಥಿಂಗಿಗೆ ಜೋಡಿಸದೆ ಬಿಡುವ ಪದ್ಧತಿ ಅನೇಕ ಕಡೆ ಇದೆ. ಅದು ತಪ್ಪು: ಎರಡು ಗುಂಡಿಗಳ ನಡುವಿನ ವ್ಯತ್ಯಾಸವೇ ಪೆಟ್ಟಿಗೆಯ ಮೇಲೆ ಬೀಳುತ್ತದೆ.

ಹೊರಗಿನ ಕೇಬಲ್ ಬಿಸಿಲು ತಾಳುವ ಕಪ್ಪು ಪಿಇ ಹೊದಿಕೆಯ ಶುದ್ಧ ತಾಮ್ರದ ಕ್ಯಾಟ್ 6. ಪೆಟ್ಟಿಗೆಗೆ ಸೇರುವ ಮುನ್ನ ಒಂದು ಗೇಣು ಕೆಳಕ್ಕೆ ಬಾಗಿಸಿ ಮತ್ತೆ ಮೇಲಕ್ಕೆ ಒಯ್ಯಬೇಕು. ಹರಿದು ಬಂದ ನೀರು ಬಾಗಿನ ತಳದಲ್ಲಿ ತೊಟ್ಟಿಕ್ಕಿ ಬಿಡುತ್ತದೆ. ಗ್ಲ್ಯಾಂಡ್ (ಕೇಬಲ್ ಒಳಹೋಗುವ ಬಾಯಿಯ ಬಿಗಿ ಮುಚ್ಚಳ) ಕೆಳಮುಖವಾಗಿರಲಿ, ಪಿನ್ನುಗಳಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿರಲಿ. ಗ್ಲ್ಯಾಂಡಿನ ರಬ್ಬರ್ ಬಿಗಿಯಾಗಿ ಕೂತರೆ ಇರುವೆಗೂ ದಾರಿಯಿಲ್ಲ.

ಚಾನೆಲ್, ಶಕ್ತಿ, ಹೆಸರು

2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11, ಅಗಲ 20 ಮೆಗಾಹರ್ಟ್ಸ್. ಅದಕ್ಕೆ ರಾಜಾಂಗಣದ್ದರಲ್ಲಿ 2.4 ನಿಲ್ಲಿಸಿ, ಉಳಿದ ನಾಲ್ಕರಲ್ಲಿ 10 ಡಿಬಿಎಂ ಇಡಲಾಯಿತು. ಹಾಲ್ ಮತ್ತು ಅತಿಥಿ ಕೋಣೆ ದೂರದವಾದ್ದರಿಂದ ಎರಡಕ್ಕೂ ಚಾನೆಲ್ 1. ಭಾರತದಲ್ಲಿ 2018ರಲ್ಲಿ 5 ಗಿಗಾಹರ್ಟ್ಸ್‌ನ ಹೆಚ್ಚಿನ ಪಟ್ಟಿ ಲೈಸೆನ್ಸ್‌ಮುಕ್ತವಾಗಿ ತೆರೆಯಿತು, ಹೊರಾಂಗಣಕ್ಕೂ ಸೇರಿ. ಆದರೂ 52ರಿಂದ 144ರವರೆಗಿನ ಚಾನೆಲ್‌ಗಳನ್ನು ಇಲ್ಲಿ ಮುಟ್ಟಲಿಲ್ಲ. ಅಲ್ಲಿ ರೇಡಾರ್ ಸದ್ದು ಕೇಳಿದೊಡನೆ ಪೆಟ್ಟಿಗೆ ಚಾನೆಲ್ ಬಿಡಬೇಕು, ಅಂಥದೇ ಇನ್ನೊಂದಕ್ಕೆ ಹೋದರೆ ಕನಿಷ್ಠ 60 ಸೆಕೆಂಡ್ ಮೌನವಾಗಿ ಆಲಿಸಬೇಕು. ಅಷ್ಟರಲ್ಲಿ ಅತಿಥಿಯ ವಿಡಿಯೊ ಕರೆ ಕಡಿದಿರುತ್ತದೆ. 40 ಮೆಗಾಹರ್ಟ್ಸ್ ಅಗಲದಲ್ಲಿ 36, 44, 149, 157 ಎಂಬ ನಾಲ್ಕು ಜಾಗ ಸಾಕಾದವು. 36 ಮಾತ್ರ ಹಾಲ್‌ಗೂ ಅತಿಥಿ ಕೋಣೆಗೂ. ಶಕ್ತಿ 17 ಡಿಬಿಎಂ. ದೇಶ ‘ಭಾರತ’ ಎಂದೇ ಇರಲಿ. ಬೇರೆ ದೇಶ ಆರಿಸಿ ಶಕ್ತಿ ಏರಿಸುವುದು ಕಾನೂನಿಗೂ ವಿರುದ್ಧ, ಮೇಲೆ ಹೇಳಿದ ಕಾರಣಕ್ಕೆ ವ್ಯರ್ಥ ಕೂಡ.

ಐದರಲ್ಲೂ ಅವೇ ವೈಫೈ ಹೆಸರುಗಳು, ಅದೇ ಪಾಸ್‌ವರ್ಡ್. ಯಾವ ಪೆಟ್ಟಿಗೆ ಹಿಡಿಯಬೇಕೆಂದು ತೀರ್ಮಾನಿಸುವುದು ಫೋನು; ಶಕ್ತಿ ಮಿತವಾಗಿದ್ದರೆ ಹಳೆಯದನ್ನು ಸಕಾಲಕ್ಕೆ ಬಿಡುತ್ತದೆ. ಕನಿಷ್ಠ ವೇಗ 12 ಎಂಬಿಪಿಎಸ್, 802.11ಕೆ ಮತ್ತು ವಿ (ಯಾವ ಪೆಟ್ಟಿಗೆ ಒಳ್ಳೆಯದೆಂದು ಫೋನಿಗೆ ಸೂಚಿಸುವ ಸೌಲಭ್ಯಗಳು) ಚಾಲೂ. ಹೆಸರು ಮೂರಕ್ಕಿಂತ ಹೆಚ್ಚು ಬೇಡ, ಪ್ರತಿ ಹೆಸರೂ ಗಾಳಿಯಲ್ಲಿ ಸಮಯ ತಿನ್ನುತ್ತದೆ: ಮನೆಯವರಿಗೊಂದು, ಅತಿಥಿಗಳಿಗೊಂದು, ಪ್ರಿಂಟರ್-ಟಿವಿಗೊಂದು. ಹಳೆಯ ಪ್ರಿಂಟರ್ ಡಬ್ಲ್ಯುಪಿಎ3 (ವೈಫೈನ ಹೊಸ ಭದ್ರತಾ ವಿಧಾನ) ಒಪ್ಪದೆ ಹಟ ಹಿಡಿದದ್ದರಿಂದ ಮೂರನೆಯದು ಡಬ್ಲ್ಯುಪಿಎ2ರಲ್ಲೇ ಇದೆ. ಅತಿಥಿಗಳ ಜಾಲದಿಂದ ಕ್ಯಾಮೆರಾ ಕಾಣದಂತೆ ವಿಎಲ್ಯಾನ್ ಬೇರೆ.

ಕರೆಂಟು ಹೋದಾಗ ಮನೆಯ ಸ್ವಿಚ್ಚು ಇನ್ವರ್ಟರಿನ ಮೇಲೆ. 12 ವೋಲ್ಟಿನ ಮಿನಿ ಯುಪಿಎಸ್ ಫೈಬರ್ ಪೆಟ್ಟಿಗೆಗೆ ಸಾಕು, ಪಿಒಇ ಸ್ವಿಚ್ಚಿಗೆ ನಡೆಯದು. ಅದಕ್ಕೆ ಚಪ್ಪರದ ಬದಿಗೆ 600 ವಿಎ ಯುಪಿಎಸ್ ಬಂತು.

ಮುಂದಿನ ಜುಲೈ, ಮೂರು ದಿನ ಬಿಡದೆ ಸುರಿದ ಮಳೆಯ ನಡುವೆ ಅಳೆದಾಗ: ಅತಿಥಿ ಕೋಣೆಯ ಮಂಚದ ಮೇಲೆ ಫೋನಿಗೆ −58, ಪೆಟ್ಟಿಗೆಗೆ −61, ವೇಗ 88 ಎಂಬಿಪಿಎಸ್. ಜಗಲಿಯಿಂದ ಮಾತಾಡುತ್ತ ರಾಜಾಂಗಣ ದಾಟಿ ಅಡುಗೆಮನೆಗೆ ಹೋದರೆ ಕರೆ ಕಡಿಯಲಿಲ್ಲ. ಬಾವಿಕಟ್ಟೆಯ ಹಿಂದೆ ಮಾತ್ರ −78ರಲ್ಲೇ ನಿಂತಿದೆ. ಅಲ್ಲಿಗೆ ಆರನೆಯದು ಬೇಕೇ ಎಂದು ಕೇಳಿದ್ದಕ್ಕೆ ಮನೆಯ ಅಮ್ಮ ಬೇಡವೆಂದರು: ಅಲ್ಲಿ ಬಟ್ಟೆ ಒಗೆಯುತ್ತಾರೆ, ಕೈಯಲ್ಲಿ ಫೋನು ಇರುವುದಿಲ್ಲ.